ನೂರಾ ಹನ್ನೆರಡು

ಬೇವಿನ ಮರದ ಕೆಳಗೆ ಕಂಬಳಿ ಹೊದ್ದು ಕೂತವನು ಬೀರಪ್ಪ ಮಾವನೇ ಎಂದು ಲಿಂಗಪ್ಪನಿಗೆ ದುರ್ಗದ ಡಿ.ಸಿ. ಕಚೇರಿಯ ಗೇಟಿನ ಹತ್ತಿರ ಬರುವಾಗಲೇ ಗೊತ್ತಾಯಿತು. ಗೊತ್ತಾದ ಮೇಲೆ ನಡಿಗೆ ನಿಧಾನವಾಗಬೇಕಿತ್ತು, ಇಲ್ಲವೇ ಜೋರಾಗಬೇಕಿತ್ತು. ಎರಡೂ ಆಗಲಿಲ್ಲ. ಕಂಕುಳಲ್ಲಿ ವಿಶ್ವವಿದ್ಯಾನಿಲಯದ ಅಭಿಪ್ರಾಯ ಪತ್ರದ ನಲವತ್ತು ಪ್ರತಿಗಳಿದ್ದವು, ಸೈಕ್ಲೋಸ್ಟೈಲ್ ಮಸಿ ಇನ್ನೂ ಆರಿರಲಿಲ್ಲ, ಅಂಗಿಗೆ ಹತ್ತಿದರೆ ಹೋಗುವುದಿಲ್ಲ ಎಂದು ಅವನು ಕಟ್ಟನ್ನು ಮೈಯಿಂದ ಸ್ವಲ್ಪ ದೂರ ಹಿಡಿದು ನಡೆಯುತ್ತಿದ್ದ. ಮಾವನಿಗೆ ಬಿ.ಡಿ.ಓ. ಕಚೇರಿಯಿಂದ ಕರೆ ಹೋಗಿರಬೇಕು, ಹಟ್ಟಿಯ ಪರವಾಗಿ ಒಬ್ಬ ಬರಲಿ ಎಂದು. ಹರಿಯಬ್ಬೆಯಿಂದ ಮೊದಲ ಬಸ್ಸಿಗೆ ಹಿರಿಯೂರು, ಅಲ್ಲಿಂದ ಇನ್ನೊಂದು ಬಸ್ಸು. ಬುತ್ತಿಯ ಗಂಟು ಪಕ್ಕದಲ್ಲೇ ಇತ್ತು. ಹತ್ತಿರ ಬಂದಾಗ ಮಾವ ಕೋಲೂರಿ ಎದ್ದು ನಿಂತು, ಎರಡೂ ಕೈ ಜೋಡಿಸಿ, "ನಮಸ್ಕಾರ ಸ್ವಾಮಿ" ಅಂದ. ಲಿಂಗಪ್ಪ, "ಕೂತ್ಕೊಳ್ಳಿ, ಕೂತ್ಕೊಳ್ಳಿ. ಸಭೆ ಹನ್ನೊಂದಕ್ಕೆ" ಅಂದ. ಯಾರ ಹೆಗಲ ಮೇಲೆ ಕೂತು ಕುರಿ ಮೇಯುವ ಕಾವಲೆಲ್ಲ ಸುತ್ತಿದ್ದನೋ, ಯಾರ ಕಿವಿ ಹಿಡಿದು ಎಡಕ್ಕೆ ನಡಿ ಬಲಕ್ಕೆ ನಡಿ ಎಂದು ಓಡಿಸಿದ್ದನೋ ಅವನಿಗೆ ಬಹುವಚನ. ಮಾತು ಮುಗಿದರೂ ಕಾಲು ಅಲ್ಲೇ ಇತ್ತು. ಮಾವ ಅವನ ಬೂಟು ನೋಡಿದ, ಮುಖ ನೋಡಿದ, ಮತ್ತೆ ಕೂತ. ಲಿಂಗಪ್ಪ ಮೆಟ್ಟಿಲು ಹತ್ತಿದ.

ಸಭೆಯ ಕೋಣೆಯಲ್ಲಿ ಜವಾನ ಕುರ್ಚಿ ಒರೆಸುತ್ತಿದ್ದ. ಗೋಡೆಯ ಮೇಲೆ ಇಪ್ಪತ್ತು ಅಂಶಗಳ ಕಾರ್ಯಕ್ರಮದ ಹಾಳೆ ಅಂಟಿಸಿದ್ದರು. ಲಿಂಗಪ್ಪ ಒಂದೊಂದು ಕುರ್ಚಿಯ ಮುಂದೆ ಒಂದೊಂದು ಪ್ರತಿ ಇಡುತ್ತ ಬಂದ. 'ಬಾಳಿಕೆಯ ಸ್ಥಳೀಯ ಅಭಿವೃದ್ಧಿ ಯೋಜನೆ: ವಿಶ್ವವಿದ್ಯಾನಿಲಯದ ಅಭಿಪ್ರಾಯ.' ಬಾಳಿಕೆ ಎನ್ನುವ ಮಾತು ಪ್ರೊಫೆಸರ್ ಶಿವಕುಮಾರಪ್ಪನವರದು. ಬಟ್ಟೆ ಅಂಗಡಿಯಲ್ಲಿ ಕೇಳುತ್ತೇವಲ್ಲ, ಬಾಳಿಕೆ ಬರುತ್ತೇನ್ರಿ ಅಂತ, ಸರ್ಕಾರದ ಯೋಜನೆಗೂ ಹಾಗೇ ಕೇಳಬೇಕು ಎನ್ನುತ್ತಿದ್ದರು ಅವರು. ಒಳ್ಳೆಯ ಮನುಷ್ಯ. ಅದೇ ತೊಂದರೆ. ಕೆಟ್ಟವರಾಗಿದ್ದರೆ ಅವರಿಗೆ ಸುಳ್ಳು ಹೇಳಿದ್ದು ಇಷ್ಟು ಚುಚ್ಚುತ್ತಿರಲಿಲ್ಲ. "ಯೋಜನೆ ದೆಹಲಿಯಿಂದ ಕೆಳಗೆ ಇಳೀಬಾರದು ಲಿಂಗಪ್ಪ, ಹಟ್ಟಿಯಿಂದ ಮೇಲಕ್ಕೆ ಹತ್ತಬೇಕು" ಎಂದು ಅವರು ಮೇಜು ಕುಟ್ಟಿ ಹೇಳುವಾಗ ಅವನಿಗೆ ಮೈ ಜುಮ್ಮೆನ್ನುತ್ತಿತ್ತು, ಅದೇ ಹೊತ್ತಿಗೆ ಹಟ್ಟಿ ಎಂಬ ಮಾತಿಗೆ ಕಿವಿ ಬಿಸಿಯಾಗುತ್ತಿತ್ತು. ಕೆಲಸಕ್ಕೆ ಸೇರಿದ ದಿನ ಅವರು ಕೇಳಿದ್ದರು: ಯಾವ ಊರಪ್ಪ? ಹಿರಿಯೂರು ಸಾರ್. ಹಿರಿಯೂರು ಪೇಟೇನಾ? ಹೌದು ಸಾರ್. ಅಷ್ಟೇ. ಒಂದು 'ಹೌದು ಸಾರ್'. ಕಾಟಲಿಂಗಪ್ಪ ಎಂಬ ಹೆಸರಿನ ಮುಂದಿನ 'ಕಾಟ'ವನ್ನು ಅದಕ್ಕೂ ಮೊದಲೇ, ಹಾಸ್ಟೆಲಿನ ಹುಡುಗರು 'ಏನೋ ನಿನ್ನ ಕಾಟ' ಎಂದು ನಗಾಡಿದ ವರ್ಷವೇ ಅವನು ಉದುರಿಸಿಕೊಂಡಿದ್ದ. ಆಮೇಲೆ ಸಮೀಕ್ಷೆಗೆ ಊರುಗಳನ್ನು ಆರಿಸಿದರು. ಹೊಳಲ್ಕೆರೆಯಲ್ಲೊಂದು, ಹೊಸದುರ್ಗದಲ್ಲೊಂದು, ಹಿರಿಯೂರಿನಲ್ಲಿ ಚೀಟಿ ಎತ್ತಿದಾಗ ಬಂದದ್ದು ಅವನದೇ ಹಟ್ಟಿ. ಸಮೀಕ್ಷೆ ಮಾಡುವವನು ಆ ಊರಿನ ನೆಂಟನಾಗಿರಬಾರದು ಎಂಬುದು ಮೊದಲನೆಯ ನಿಯಮ. ಆಗ ಬಾಯಿ ಬಿಡಬೇಕಿತ್ತು. ಬಿಟ್ಟಿದ್ದರೆ ಹಿರಿಯೂರು ಪೇಟೆ ಎಂದದ್ದೂ ಹೊರಗೆ ಬರುತ್ತಿತ್ತು. ಅವನದು ಹಂಗಾಮಿ ಕೆಲಸ, ಖಾಯಂ ಆಗಲು ಬೇಕಾದ ಸಹಿ ಅವರದೇ.

ಸಮೀಕ್ಷೆಯ ದಿನ ಜೀಪು ಹಟ್ಟಿಯ ಮುಂದೆ ನಿಂತದ್ದು ಬೆಳಿಗ್ಗೆ ಹನ್ನೊಂದಕ್ಕೆ. ಬೇಲಿಯ ಬಾಯಲ್ಲಿ ಲಿಂಗಪ್ಪ ಯಾರೂ ಹೇಳುವ ಮೊದಲೇ ಬೂಟು ಕಳಚಿದ್ದ. ಕಳಚಿದ ಮೇಲೆ ಹೆದರಿದ. ಹಟ್ಟಿಯೊಳಗೆ ಕಾಲಿಗೆ ಮೆಟ್ಟಿಕೊಂಡು ಹೋಗುವಂತಿಲ್ಲ ಎಂದು ಹಿರಿಯೂರು ಪೇಟೆಯವನಿಗೆ ಹೇಗೆ ಗೊತ್ತು? ಆದರೆ ಪ್ರೊಫೆಸರರು, "ನೋಡಿ, ಎಷ್ಟು ಚೆನ್ನಾಗಿ ಓದಿಕೊಂಡು ಬಂದಿದೀರಿ" ಎಂದು ಬೆನ್ನು ತಟ್ಟಿ ತಾವೂ ಕಳಚಿದರು. ಒಳಗೆ ಹೋದರೆ ಇಡೀ ಹಟ್ಟಿ ನೋಡುತ್ತಿತ್ತು. ಯಲ್ಲಕ್ಕ, ಅವನಿಗೆ ಮೊಲೆ ಹಾಲು ಕುಡಿಸಿದವಳು, ಬಾಗಿಲಲ್ಲಿ ನಿಂತು ಬಾಯಿ ತೆರೆದವಳು ಅವನ ಮುಖ ನೋಡಿ ಹಾಗೇ ಮುಚ್ಚಿದಳು. ಯಾರು ಯಾರಿಗೆ ಹೇಳಿದರೋ, ಹೇಗೆ ಹೇಳಿದರೋ, ಅವನು ಬೇವಿನ ಕಟ್ಟೆ ಮುಟ್ಟುವಷ್ಟರಲ್ಲಿ ಎಲ್ಲರಿಗೂ ತಿಳಿದುಹೋಗಿತ್ತು, ಇವತ್ತು ಇವನು ನಮ್ಮವನಲ್ಲ ಎಂದು. ಬೀರಪ್ಪ ಮಾವ ಮಂಚ ತಂದು ಹಾಕಿ, ಕಂಬಳಿ ಹಾಸಿ, "ಕುಂತ್ಕಳ್ರಿ ಸ್ವಾಮಿ" ಅಂದ. ಲಿಂಗಪ್ಪ ಕೂತು, ಹಾಳೆ ಬಿಚ್ಚಿ, ಪೆನ್ನಿನ ಟೋಪಿ ತೆಗೆದು, ತಾಯಿಯ ತಮ್ಮನನ್ನು ಕೇಳಿದ: "ನಿಮ್ಮ ಹೆಸರೇನು?"

"ಬೀರಪ್ಪ ಅಂತಾರೆ ಸ್ವಾಮಿ."

"ಮನೇಲಿ ಎಷ್ಟು ಜನ?"

ಮಾವ ಹೇಳಿದ, ಒಬ್ಬೊಬ್ಬರ ಹೆಸರೂ ಹೇಳಿದ. "ನಮ್ಮಕ್ಕ ಒಬ್ಬಳಿದ್ಲು, ಕಾಟಮ್ಮ ಅಂತ. ಮೂರು ವರ್ಷ ಆತು ತೀರ್ಕಂಡು" ಎಂದ. ಲಿಂಗಪ್ಪ ಅದನ್ನು ಬರೆಯಲಿಲ್ಲ, ಸತ್ತವರಿಗೆ ಆ ಹಾಳೆಯಲ್ಲಿ ಜಾಗ ಇರಲಿಲ್ಲ. ಅವ್ವ ಸತ್ತಾಗ ಅವನು ಬಂದಿದ್ದ, ಮಣ್ಣು ಹಾಕಿದ್ದ, ಸಂಜೆಯೇ ಪರೀಕ್ಷೆಯ ಕೆಲಸವಿದೆ ಎಂದು ಬಸ್ಸು ಹತ್ತಿದ್ದ. ಪರೀಕ್ಷೆ ಇರಲಿಲ್ಲ. ರೊಪ್ಪದ ಹತ್ತಿರ ಹೋಗಿ ಕುರಿ ನೋಡಿಕೊಂಡು ಹೋಗು ಎಂದು ಮಾವ ಹೇಳಿದ್ದು ನೆನಪಿದೆ, ಹೋಗಿರಲಿಲ್ಲ. ಮುಂದಿನ ಪ್ರಶ್ನೆ ಕುರಿಯದು. "ಕುರಿ ಎಷ್ಟಿವೆ?" ಮಾವ "ಒಂದಷ್ಟು ಅವೆ ಸ್ವಾಮಿ" ಅಂದ. ಪ್ರೊಫೆಸರರು ನಕ್ಕು, ಒಂದಷ್ಟು ಅಂದರೆ ನಾವು ಬರಕೊಳ್ಳೋದು ಹೆಂಗಪ್ಪ, ಒಂದು ಅಂಕಿ ಹೇಳು ಎಂದು ಪ್ರೀತಿಯಿಂದಲೇ ಒತ್ತಾಯಿಸಿದರು. ಮಾವ ಒಂದು ಸಲ ಲಿಂಗಪ್ಪನ ಕಡೆ ನೋಡಿದ. ಆಮೇಲೆ "ಎಂಟು ಇರಬೌದು" ಅಂದ. ಪಕ್ಕದ ಮನೆಯವರು ಹತ್ತು ಅಂದರು, ಅದರ ಪಕ್ಕದವರು ಆರು. ಹದಿನಾಲ್ಕು ಮನೆಗೂ ಸೇರಿ ನೂರಾ ಹನ್ನೆರಡು. ಕುರಿ ಒಂದೂ ಕಣ್ಣಿಗೆ ಬೀಳಲಿಲ್ಲ. ಹಗಲು ಹೊತ್ತು ಅವು ಕಾವಲಿನಲ್ಲಿ ಮೇಯುತ್ತಿರುತ್ತವೆ, ವಿಶ್ವವಿದ್ಯಾನಿಲಯವೂ ಹಗಲು ಹೊತ್ತೇ ಬರುತ್ತದೆ. ಎರಡು ಗಂಟೆಗೆ ಜೀಪು ಹೊರಟಿತು. ದಾರಿಯುದ್ದಕ್ಕೂ ಪ್ರೊಫೆಸರರು ಬೇಸರದಲ್ಲಿದ್ದರು. "ಎಂಥಾ ಕಸುಬು, ಹೆಂಗೆ ಹಾಳಾಯ್ತು ನೋಡಿ. ಹದಿನಾಲ್ಕು ಮನೆಗೆ ನೂರಾ ಹನ್ನೆರಡು. ಎಂಟುನೂರು ಎಕರೆ ಕಾವಲು ಸುಮ್ಮನೆ ಬಿದ್ದಿದೆ."

ಕುರಿ ಎಣಿಸಬಾರದು. ಎಷ್ಟು ಎಂದು ಕೇಳಬಾರದು, ಕೇಳಿದರೆ ಹೇಳಬಾರದು, ಹೇಳಲೇಬೇಕಾಗಿ ಬಂದರೆ ಬಾಯಿಗೆ ಬಂದ ಸಣ್ಣ ಅಂಕಿ ಹೇಳಿ ಕೈತೊಳೆದುಕೊಳ್ಳಬೇಕು. ಇದು ಹಟ್ಟಿಯಲ್ಲಿ ಹುಟ್ಟಿದ ಯಾವ ಕೂಸಿಗೂ ಗೊತ್ತು. ಲಿಂಗಪ್ಪನಿಗಂತೂ ಕೆನ್ನೆಯ ಮೇಲೆಯೇ ಗೊತ್ತು. ಏಳು ವರ್ಷ ಇರಬೇಕು, ಹರಿಯಬ್ಬೆಯ ಶಾಲೆಯಲ್ಲಿ ನೂರರವರೆಗೆ ಕಲಿತ ಹೊಸತು, ಕಲಿತದ್ದನ್ನು ಎಲ್ಲಿ ಸುರಿಯಲಿ ಎಂದು ಹುಡುಕುತ್ತಿದ್ದ. ಸಂಜೆ ಕುರಿಗಳು ರೊಪ್ಪದ ಬಾಯಲ್ಲಿ ಒಂದೊಂದಾಗಿ ನುಗ್ಗುವಾಗ ಬೆರಳು ಚಾಚಿ, ಗಟ್ಟಿಯಾಗಿ, ಹಾಡು ಹೇಳಿದಂತೆ ಎಣಿಸಿದ. ಅರವತ್ತಮೂರಕ್ಕೆ ಬಂದಾಗ ಅವ್ವನ ಕೈ ಕೆನ್ನೆಯ ಮೇಲೆ ಬಿತ್ತು. ಅವ್ವ ತಾನು ಎಣಿಸುತ್ತಿರಲಿಲ್ಲ, ನೋಡುತ್ತಿದ್ದಳು. ಬಾಗಿಲಲ್ಲಿ ನಿಂತು ಒಂದೊಂದರ ಮುಖ ನೋಡಿ, 'ಬಂದ್ಯಾ, ನೀನೂ ಬಂದ್ಯಾ' ಎಂದು, ಕಡೆಗೆ 'ಬೆಳ್ಳಿ ಬಂದಿಲ್ಲ, ಹಳ್ಳದ ಕಡೆ ನೋಡು' ಎಂದು ತಮ್ಮನನ್ನು ಓಡಿಸುತ್ತಿದ್ದಳು. ತಿಂಗಳೊಳಗೆ ರೋಗ ಬಂತು. ಬಾಯಲ್ಲಿ ನೊರೆ, ಕಾಲು ಸೆಟೆದು, ದಿನಕ್ಕೆ ನಾಲ್ಕು ಐದು. ಒಂಬತ್ತು ಉಳಿದವು. ಅವ್ವ ಅವನ ಮೇಲೆ ಒಂದು ಮಾತು ಹಾಕಲಿಲ್ಲ. ಹಾಕಿದ್ದರೆ ಅತ್ತು ಮರೆಯುತ್ತಿದ್ದ. ಮುಂದಿನ ವರ್ಷ ಅವನನ್ನು ದುರ್ಗದ ಹಾಸ್ಟೆಲಿಗೆ ಕಳಿಸುವಾಗ, ಉಳಿದದ್ದರಲ್ಲಿ ಒಂದು ಹೆಣ್ಣು ಮರಿಯನ್ನು ಹಿಡಿದು ತಂದು, ಅದರ ಕಿವಿಗೆ ಅವನ ಕೈಯಿಂದ ಅರಿಸಿನ ಹಚ್ಚಿಸಿ, 'ಇದು ನಿನ್ನ ಹೆಸರಿಗೆ ಬಿಟ್ಟಿದ್ದು, ಇದು ಈದದ್ದೆಲ್ಲ ನಿಂದು' ಅಂದಿದ್ದಳು. ಆ ಮರಿ ಯಾವ ಬಣ್ಣ ಎಂದು ಈಗ ಎಷ್ಟು ಕಣ್ಣು ಮುಚ್ಚಿದರೂ ಕಾಣುವುದಿಲ್ಲ. ಅವನು ಎಣಿಸುವ ವಿದ್ಯೆಯಲ್ಲೇ ಮುಂದೆ ಬಂದ. ಸಂಖ್ಯಾಶಾಸ್ತ್ರದಲ್ಲಿ ಮೊದಲ ದರ್ಜೆ. ಎಣಿಸಿದರೆ ಏನೂ ಸಾಯುವುದಿಲ್ಲ ಎಂದು ತೋರಿಸಲಿಕ್ಕೇ ಇಷ್ಟೆಲ್ಲ ಎಣಿಸಿದೆನೋ ಏನೋ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು.

ಹೀಗೆ ಎಲ್ಲ ಗೊತ್ತಿದ್ದೂ ಅವನು ನೂರಾ ಹನ್ನೆರಡು ಎಂದು ಬರೆದ. ತಿದ್ದಿದ್ದರೆ, ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತಿತ್ತು. ಬರೆದದ್ದಲ್ಲದೆ ಆ ಅಂಕಿಯ ಮೇಲೆ ವಾಕ್ಯ ಕಟ್ಟಿದ. 'ಸದರಿ ಹಟ್ಟಿಯಲ್ಲಿ ಕುರಿ ಸಾಕಣೆಯು ನಶಿಸುತ್ತಿರುವ ವೃತ್ತಿಯಾಗಿದ್ದು, ಎಂಟುನೂರು ಎಕರೆ ಕಾವಲು ಬಳಕೆಯಿಲ್ಲದ ಬೀಳಾಗಿದೆ. ಇದನ್ನು ನೀಲಗಿರಿ ತೋಪಾಗಿ ಮಾರ್ಪಡಿಸಿದಲ್ಲಿ ಸ್ಥಳೀಯರ ಸೌದೆಯ ಬವಣೆ ನೀಗಿ, ಯೋಜನೆಯು ಬಾಳಿಕೆಯದಾಗುತ್ತದೆ.' ಬರೆದ ದಿನ ಎರಡು ಸಲ ಗಟ್ಟಿಯಾಗಿ ಓದಿ ಖುಷಿಪಟ್ಟಿದ್ದ. ಬೇಲಿಯೇ ಎದ್ದು ಹೊಲ ಮೇಯುವುದು ಎನ್ನುತ್ತಾರೆ. ಮೇಯುವಾಗ ಬೇಲಿಗೆ ಇಷ್ಟು ರುಚಿ ಹತ್ತುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಡಿ.ಸಿ. ಸಾಹೇಬರು ಬಂದಾಗ ಹನ್ನೊಂದೂವರೆ. ಎಳೆಯ ವಯಸ್ಸಿನವರು, ಕನ್ನಡವನ್ನು ಕಲಿತು ಆಡುತ್ತಿದ್ದರು, ಹಾಗಾಗಿ ಪ್ರತಿ ಮಾತನ್ನೂ ಪೂರ್ತಿ ಮುಗಿಸುತ್ತಿದ್ದರು. ಪ್ರೊಫೆಸರರು ಎದ್ದು ಅಭಿಪ್ರಾಯ ಓದಿದರು. ಮಣ್ಣು, ನೀರು, ಮರ, ಮೊಮ್ಮಕ್ಕಳಿಗೆ ಏನು ಉಳಿಸುತ್ತೇವೆ ಎಂಬ ಮಾತು. ಚೆನ್ನಾಗಿ ಓದಿದರು, ಇಲಾಖೆಯವರೂ ತಲೆದೂಗಿದರು. ಕಡೆಯ ಸಾಲಿನ ಬೆಂಚಿನಲ್ಲಿ ಬೀರಪ್ಪ ಮಾವ ಕಂಬಳಿ ಮಡಿಚಿ ತೊಡೆಯ ಮೇಲಿಟ್ಟುಕೊಂಡು, ಅಷ್ಟೂ ಹೊತ್ತು ಪ್ರೊಫೆಸರರ ಬಾಯನ್ನೇ ನೋಡುತ್ತಿದ್ದ. ಕಾವಲು ಎಂಬ ಮಾತು ಬಂದಾಗ ಮಾತ್ರ ಕತ್ತು ಮುಂದಕ್ಕೆ ಚಾಚಿತು. ಲಿಂಗಪ್ಪ ಪೆನ್ಸಿಲಿನ ತುದಿ ಕಚ್ಚುತ್ತ, ಯಾರಾದರೂ ಕೇಳಲಿ ಎಂದೂ ಯಾರೂ ಕೇಳದಿರಲಿ ಎಂದೂ ಒಟ್ಟಿಗೇ ಬೇಡಿಕೊಳ್ಳುತ್ತಿದ್ದ. ಕೇಳಿದವರು ಡಿ.ಸಿ.ಯವರೇ. "ಆ ಹಟ್ಟಿಯಿಂದ ಯಾರಾದರೂ ಬಂದಿದ್ದಾರೆಯೇ?" ಮಾವ ಎದ್ದು ನಿಂತ.

"ನಿಮ್ಮ ಹಟ್ಟಿಯಲ್ಲಿ ಎಷ್ಟು ಕುರಿಗಳಿವೆ, ಯಜಮಾನರೇ?"

"ಒಂದಷ್ಟು ಅವೆ ಸ್ವಾಮಿ."

ಕೋಣೆ ನಕ್ಕಿತು. ಡಿ.ಸಿ.ಯವರೂ ನಕ್ಕು, ಹಾಳೆ ಮೇಲೆತ್ತಿ, "ಇಲ್ಲಿ ನೂರಾ ಹನ್ನೆರಡು ಎಂದು ಬರೆದಿದ್ದಾರೆ. ಅದು ಸರಿಯೇ?" ಎಂದರು. ಮಾವ ಉತ್ತರಕ್ಕೆ ಮೊದಲು ಲಿಂಗಪ್ಪನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಇದ್ದದ್ದು, ನೀನು ಹೇಗೆ ಹೇಳು ಅಂದರೆ ಹಾಗೆ ಹೇಳುತ್ತೇನೆ ಎಂಬುದು ಅಷ್ಟೇ. "ಬರೆದೋರು ಓದಿದೋರು ಸ್ವಾಮಿ. ಅವರಿಗೆ ತಿಳಿದಿರ್ತತೆ" ಅಂದ ಮಾವ. ಹೀಗೆ ಅಂದು, ಎಂಟುನೂರು ಎಕರೆ ಕಾವಲನ್ನು ಅಕ್ಕನ ಮಗನ ಮರ್ಯಾದೆಗೆ ಒತ್ತೆ ಇಟ್ಟು, ಕೂರಲು ಬಗ್ಗಿದ. ಡಿ.ಸಿ.ಯವರು ಪೆನ್ನು ತೆಗೆದರು. ಹಾಗಾದರೆ ಕಾವಲನ್ನು ತೋಪಿಗೆ ಕೊಡಲು ಈ ಸಭೆ ಶಿಫಾರಸು ಮಾಡಿದೆ ಎಂದು ಗುಮಾಸ್ತ ಮುರುಗಪ್ಪನಿಗೆ ಹೇಳಿ ಬರೆಸತೊಡಗಿದರು.

"ಸಾರ್, ಆ ಲೆಕ್ಕ ತಪ್ಪು."

ಹೇಳಿದವನು ತಾನೇ ಎಂದು ಲಿಂಗಪ್ಪನಿಗೆ ಗೊತ್ತಾದದ್ದು ಎಲ್ಲರೂ ತನ್ನ ಕಡೆ ತಿರುಗಿದ ಮೇಲೆ. ಅವನು ಎದ್ದು ನಿಂತಿದ್ದ. ಪ್ರೊಫೆಸರರು ಮೆಲ್ಲಗೆ, "ಲಿಂಗಪ್ಪ, ಕೂತ್ಕೊಳ್ಳಿ. ಏನಿದ್ದರೂ ಆಮೇಲೆ" ಎಂದರು. ಅವನು ಕೂರಲಿಲ್ಲ. "ಲೆಕ್ಕ ಬರೆದವನು ನಾನೇ ಸಾರ್. ಬರೆಯುವಾಗಲೂ ತಪ್ಪು ಅಂತ ಗೊತ್ತಿತ್ತು. ಕುರಿ ಎಣಿಸಿ ಹೇಳೋದು ನಮ್ಮಲ್ಲಿ ಇಲ್ಲ." ಡಿ.ಸಿ.ಯವರು, "ನಮ್ಮಲ್ಲಿ ಎಂದರೆ?" ಎಂದರು. "ಹಟ್ಟೀಲಿ. ನಾನು ಅಲ್ಲೇ ಹುಟ್ಟಿದವನು. ಇವರು ನನ್ನ ಸೋದರಮಾವ." ಪ್ರೊಫೆಸರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಬೂಟು ಕಳಚಿದ ದಿನವನ್ನು ನೆನೆಯುತ್ತಿದ್ದಾರೆ ಎಂದು ಲಿಂಗಪ್ಪನಿಗೆ ಖಾತ್ರಿಯಾಗಿ ಅನ್ನಿಸಿತು.

"ಹಾಗಾದರೆ ಸರಿಯಾದ ಅಂಕಿ ಹೇಳಿ" ಎಂದರು ಡಿ.ಸಿ. "ಅಂಕಿ ಇಲ್ಲದೆ ನಾನು ಏನೆಂದು ಬರೆಯಲಿ?"

ನ್ಯಾಯವಾದ ಮಾತು. ಲಿಂಗಪ್ಪ ಹಿಂದಿನ ಬೆಂಚಿನ ಕಡೆ ತಿರುಗಿದ. ಎಷ್ಟೋ ವರ್ಷಗಳಿಂದ ಬಾಯಲ್ಲಿ ಆಡದ ಮಾತು, ಮೊದಲು ತೊದಲಿತು. "ಮಾವ. ಎಷ್ಟು ಅಂಬೋದು ಬ್ಯಾಡ. ಯಾರ ಮನೇವು ಯಾವ್ಯಾವು ಅವೆ, ಮುಖ ಹೇಳು."

ಬೀರಪ್ಪ ಎಲ್ಲರನ್ನೂ ಒಮ್ಮೆ ನೋಡಿದ. "ಮುಖ ಹೇಳಕೇನು, ದಿನಾ ಸಂಜಿಗೆ ಹೇಳ್ಕಂತೀನಿ" ಎಂದು ಕಣ್ಣು ಅರೆಮುಚ್ಚಿದ. "ನಮ್ಮನೇವು ಮೊದ್ಲು. ಕರೇಮೂತಿ ದೊಡ್ಡದು. ಅದರ ಮಗಳು ಬಿಳೇ ಕಿವೀದು. ಅದರ ಬೆನ್ನಿಗೆ ಹುಟ್ಟಿದ್ದು, ಯಾವಾಗ್ಲೂ ಹಿಂದೇ ಬರ್ತತೆ, ಸೋಮಾರಿ. ಕುಂಟಿ, ಐಮಂಗ್ಲದ ಟಾರು ರಸ್ತೇಲಿ ಲಾರಿಗೆ ಸಿಕ್ಕಿ ಉಳಕಂಡಿದ್ದು. ಕೊಂಬು ಮುರಿದ ಟಗರು…" ಮೊದಮೊದಲು ಮುಸಿಮುಸಿ ನಗು ಬಂತು. ಆಮೇಲೆ ನಿಂತಿತು. ಅವನು ಹೇಳುತ್ತ ಹೋದಂತೆ ರೊಪ್ಪದ ಬಾಯಿ ಆ ಕೋಣೆಯಲ್ಲೇ ತೆರೆದಿತ್ತು, ಅವ್ವ ಅಲ್ಲೇ ಎಲ್ಲೋ ನಿಂತು 'ನೀನೂ ಬಂದ್ಯಾ' ಎನ್ನುತ್ತಿದ್ದಳು. ಲಿಂಗಪ್ಪ ಕೆಳಗೆ ನೋಡಿದರೆ ಅವನ ಪೆನ್ಸಿಲು ಅಭಿಪ್ರಾಯ ಪತ್ರದ ಬೆನ್ನಿಗೆ ತಂತಾನೇ ಗೀಟು ಎಳೆಯುತ್ತಿತ್ತು, ಐದೈದರ ಕಟ್ಟು. ಅವನು ಪೆನ್ಸಿಲನ್ನು ಮೇಜಿನ ಆಚೆ ತುದಿಗೆ ತಳ್ಳಿದ. ಮಾವ ಯಲ್ಲಕ್ಕನ ಮನೆ ಮುಗಿಸಿ ಎತ್ತಪ್ಪನ ಮನೆಗೆ ಬಂದಿದ್ದ. ಗೀಟು ಎಳೆಯುತ್ತಿದ್ದ ಇನ್ನೊಬ್ಬನೆಂದರೆ ಗುಮಾಸ್ತ ಮುರುಗಪ್ಪ. ಅವನು ತಲೆ ಎತ್ತಿ, "ಸ್ವಾಮಿ, ನೂರಾ ಹನ್ನೆರಡು ದಾಟಿತು. ಮೂರನೇ ಮನೆ ಇನ್ನೂ ಮುಗಿದಿಲ್ಲ" ಎಂದ.

ಡಿ.ಸಿ.ಯವರು ಕೈ ಎತ್ತಿ, ಸಾಕು ಯಜಮಾನರೇ, ತಿಳಿಯಿತು ಎಂದರು. ಬೀರಪ್ಪನಿಗೆ ನಿಲ್ಲಿಸಲು ಮನಸ್ಸಿರಲಿಲ್ಲ. "ಎಲ್ಲಾರ್ವೂ ಹೇಳ್ತೀನಿ ಸ್ವಾಮಿ, ನಂಗೇನೂ ಬ್ಯಾಸರ ಇಲ್ಲ. ಒಂದು ಮನೇದು ಮಾತ್ರ ನಾನು ಹೇಳಾಕಿಲ್ಲ. ನಮ್ಮಕ್ಕನ ಮನೇದು. ಅವು ಇವನ ಹೆಸರಿಗೆ ಬಿಟ್ಟಿದ್ದು. ಅಕ್ಕ ಸತ್ತ ಮ್ಯಾಲೆ ನಾನು ಮೇಯಿಸ್ತೀನಿ, ಆದ್ರೆ ಅವು ಇವನವು. ಇವನೇ ಹೇಳ್ಬೇಕು."

ಎಲ್ಲರೂ ಮತ್ತೆ ಲಿಂಗಪ್ಪನ ಕಡೆ ತಿರುಗಿದರು. ಅವನು ಬಾಯಿ ತೆರೆದ. ಅರಿಸಿನ ಹಚ್ಚಿದ ಒಂದು ಕಿವಿ, ಬೆರಳಿಗೆ ಅದರ ಬಿಸಿ, ಅಷ್ಟೇ ಬಂತು. ಆ ಕಿವಿಯ ಹಿಂದಿನ ಮುಖ ಬರಲಿಲ್ಲ, ಅದರ ಮಕ್ಕಳ ಮುಖ, ಮೊಮ್ಮಕ್ಕಳ ಮುಖ, ಯಾವುದೂ ಬರಲಿಲ್ಲ. ಬೀರಪ್ಪನನ್ನು ನೋಡಿದ, ಹೇಳಿಕೊಡುತ್ತಾನೇನೋ ಎಂದು. ಮಾವ ಹೇಳಿಕೊಡಲಿಲ್ಲ.

"ಗೊತ್ತಿಲ್ಲ ಸಾರ್" ಎಂದ ಲಿಂಗಪ್ಪ. "ನಾನು ನೋಡಿಲ್ಲ."

"ಹಾಗಾದರೆ ನೋಡಿ ಬನ್ನಿ" ಎಂದರು ಡಿ.ಸಿ., ಗದರಿಕೆಯಿಲ್ಲದೆ. "ಕಾವಲಿನ ವಿಷಯ ಮುಂದಿನ ಸಭೆಗೆ ಇರಲಿ. ಅಲ್ಲಿಯವರೆಗೆ ಯಾರೂ ಒಂದು ಗುಂಡಿಯನ್ನೂ ತೋಡಬಾರದು." ಮುರುಗಪ್ಪ ಬರೆದುಕೊಂಡ.

ಹೊರಗೆ ಪಡಸಾಲೆಯಲ್ಲಿ ಪ್ರೊಫೆಸರ್ ಶಿವಕುಮಾರಪ್ಪನವರು ಉಳಿದ ಪ್ರತಿಗಳನ್ನು ತಾವೇ ಕಟ್ಟುತ್ತಿದ್ದರು. ದಾರದ ಗಂಟು ಬೀಳುತ್ತಿರಲಿಲ್ಲ. ಲಿಂಗಪ್ಪ ಬೆರಳು ಇಟ್ಟು ಒತ್ತಿ ಹಿಡಿದ, ಅವರು ಗಂಟು ಬಿಗಿದರು. "ನನಗೆ ಸಿಟ್ಟು ಬಂದಿರೋದು ಸಭೆಯಲ್ಲಿ ಮಾತಾಡಿದ್ದಕ್ಕಲ್ಲ" ಎಂದರು ಅವರು, ಅವನ ಮುಖ ನೋಡದೆ. "ನೀವು ಮೊದಲ ದಿನವೇ ಹೇಳಿದ್ದರೆ, ನಿಯಮ ಅತ್ಲಾಗಿರಲಿ, ನಿಮ್ಮನ್ನು ಮುಂದೆ ಬಿಟ್ಟುಕೊಂಡು ಒಂದು ತಿಂಗಳು ಅಲ್ಲೇ ಇರ್ತಿದ್ದೆ. ಹಟ್ಟಿಯಿಂದ ಹತ್ತಬೇಕು ಹತ್ತಬೇಕು ಅಂತ ಊರೆಲ್ಲ ಸಾರಿಕೊಂಡು ಬಂದೆ. ಹಟ್ಟಿ ನನ್ನ ಪಕ್ಕದಲ್ಲೇ ಕೂತಿತ್ತು." ಜೀಪಿನ ಹತ್ತಿರ ಹೋಗಿ ಅವರು ತಿರುಗಿ ನಿಂತು, ನಿಮ್ಮ ಕೆಲಸದ ವಿಷಯ ನಾನು ಈಗ ಏನೂ ಹೇಳುವುದಿಲ್ಲ, ಇವತ್ತು ಮಾತ್ರ ನಿಮ್ಮ ಜೊತೆ ಒಂದೇ ಜೀಪಿನಲ್ಲಿ ಕೂರುವುದು ನನ್ನಿಂದ ಆಗುವುದಿಲ್ಲ ಎಂದರು. ಜೀಪು ಹೋಯಿತು. ಬೇವಿನ ಮರದ ಕೆಳಗೆ ಮಾವ ಬುತ್ತಿ ಬಿಚ್ಚಿ, ರೊಟ್ಟಿಯನ್ನು ಎರಡು ಮಾಡಿ, ಒಂದನ್ನು ಬುತ್ತಿಯ ಬಟ್ಟೆಯ ಮೇಲೆ ಇಟ್ಟು ಕಾಯುತ್ತಿದ್ದ. ತಿನ್ನು ಎನ್ನಲಿಲ್ಲ. ಲಿಂಗಪ್ಪ ನೆಲದ ಮೇಲೆ ಕೂತು ತಿಂದ. ಹುಚ್ಚೆಳ್ಳಿನ ಚಟ್ನಿಗೆ ಖಾರ ಜಾಸ್ತಿಯಾಗಿತ್ತು, ಕಣ್ಣಲ್ಲಿ ನೀರು ಬಂದದ್ದಕ್ಕೆ ಅದು ಅನುಕೂಲವಾಯಿತು.

"ಹೋಗಾಣ" ಎಂದ ಮಾವ ಕೈ ಕೊಡವಿ. "ಎರಡೂವರೆ ಬಸ್ಸು ಸಿಕ್ಕರೆ ಕುರಿ ಬರೋ ಹೊತ್ತಿಗೆ ಹಟ್ಟಿ ಮುಟ್ಟಬೌದು."

ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗವನ್ನು ಮಾವ ಅವನಿಗೆ ಬಿಟ್ಟ, ಚಿಕ್ಕಂದಿನಲ್ಲಿ ಬಿಡುತ್ತಿದ್ದಂತೆ. ಐಮಂಗಲ ದಾಟಿತು. ಲಿಂಗಪ್ಪನ ತಲೆಯಲ್ಲಿ ನೂರೆಂಟು ಓಡುತ್ತಿದ್ದವು. ಕೆಲಸ ಖಾಯಂ ಆಗುತ್ತದೋ ಇಲ್ಲವೋ, ಹದಿನೈದು ದಿನ ರಜೆ ಕೇಳಿದರೆ ಕೊಡುತ್ತಾರೋ ಇಲ್ಲವೋ, ಯಲ್ಲಕ್ಕನ ಮುಂದೆ ಹೋಗಿ ನಿಂತಾಗ ಏನು ಹೇಳುವುದು. ಬೇಲಿಯ ಬಾಯಲ್ಲಿ ಬೂಟು ಬಿಡುವಾಗ ಈ ಸಲ ಹೆದರಬೇಕಾಗಿಲ್ಲ ಎಂಬುದೊಂದೇ ಸಮಾಧಾನ. ಆ ಒಂದು ಮರಿ ಎಷ್ಟು ಸಲ ಈದಿರಬಹುದು, ವರ್ಷಕ್ಕೆ ಒಂದೆಂದರೆ, ಅದರಲ್ಲಿ ಅರ್ಧ ಹೆಣ್ಣೆಂದರೆ, ಇಪ್ಪತ್ತು ವರ್ಷಕ್ಕೆ… ಬುದ್ಧಿ ತನ್ನ ಪಾಡಿಗೆ ತಾನು ಗುಣಿಸುತ್ತಿತ್ತು. ತಡೆಯುವಷ್ಟರಲ್ಲಿ ಬಾಯಿಂದ ಬಿದ್ದೇ ಹೋಯಿತು.

"ನನ್ನವು ಎಷ್ಟು ಅವೆ ಮಾವ?"

ಕೇಳಿ ನಾಲಿಗೆ ಕಚ್ಚಿಕೊಂಡ. ಬೀರಪ್ಪ ಅವನ ಕಡೆ ತಿರುಗಿ, ಬೆಳಿಗ್ಗೆಯಿಂದ ಮೊದಲನೇ ಸಲ, ಬೊಚ್ಚು ಬಾಯಿ ತುಂಬ ನಕ್ಕ.

"ಒಂದಷ್ಟು ಅವೆ ಕಣಲೇ, ಕಾಟ."